ಅನಿಲವಿದ್ದರೆ ಸಾಕೇ? ಗೆಲಾಕ್ಸಿಗಳಲ್ಲಿ ನಕ್ಷತ್ರ ಹುಟ್ಟುವ ವೇಗದ ಬಗ್ಗೆ ಒಂದು ವಿಮರ್ಶೆ

ಕಳೆದ ವರ್ಷ ನಮ್ಮ ಸಂಘದ ಮಕ್ಕಳಿಗೆ ಆಕಾಶದ ಬಗ್ಗೆ ಮಾತಾಡುವ ಹೊಣೆ ನನ್ನ ಪಾಲಿಗೆ ಬಂದಿತ್ತು. ನಾನು ಖಗೋಳ ವಿಜ್ಞಾನಿಯಲ್ಲ. ಹೊಟ್ಟೆಪಾಡಿಗೆ ಒಮಾನಿನ ಎಣ್ಣೆಬಾವಿಗಳ ನಡುವೆ ಇಪ್ಪತ್ತು ವರ್ಷ ಕಳೆದ ಎಂಜಿನಿಯರ್. ಮರುಭೂಮಿಯ ಕ್ಯಾಂಪಿನಲ್ಲಿ ರಾತ್ರಿ ಬೇರೆ ಕೆಲಸವಿಲ್ಲದೆ ಆಕಾಶ ನೋಡುತ್ತಾ, ಆಮೇಲೆ ಅದರ ಬಗ್ಗೆ ಓದುತ್ತಾ ಹವ್ಯಾಸ ಹಿಡಿಸಿಕೊಂಡವನು. ಅಂದು ಪರದೆಯ ಮೇಲೆ ಜೇಮ್ಸ್ ವೆಬ್ ದೂರದರ್ಶಕ ತೆಗೆದು, 2022ರ ಜುಲೈನಲ್ಲಿ ಬಿಡುಗಡೆಯಾದ ಕರೀನಾ ನೀಹಾರಿಕೆಯ ಚಿತ್ರ ತೋರಿಸಿದೆ. ಕಂದು ಬಣ್ಣದ ಬೆಟ್ಟಗಳ ಸಾಲು, ಅದರ ಮೇಲೆ ನೀಲಿ ಬೆಳಕು. "ಇದು ನಕ್ಷತ್ರಗಳ ತೊಟ್ಟಿಲು. ಇಲ್ಲಿ ಅನಿಲವಿದೆ, ಗುರುತ್ವವಿದೆ. ಗುರುತ್ವ ಅನಿಲವನ್ನು ಎಳೆದು ಮುದ್ದೆ ಮಾಡುತ್ತದೆ, ನಕ್ಷತ್ರ ಹುಟ್ಟುತ್ತದೆ" ಎಂದೆ. ಚಪ್ಪಾಳೆ ಬಿತ್ತು.

ಆಗ ಎರಡನೇ ಸಾಲಿನಲ್ಲಿದ್ದ ಏಳನೇ ತರಗತಿಯ ಹುಡುಗಿಯೊಬ್ಬಳು ಕೈಯೆತ್ತಿದಳು. "ಅಂಕಲ್, ಅನಿಲನೂ ಇದೆ, ಗುರುತ್ವನೂ ಇದೆ ಅಂದ್ರಿ. ಹಾಗಾದ್ರೆ ಇಷ್ಟು ಹೊತ್ತಿಗೆ ಎಲ್ಲಾ ಅನಿಲನೂ ನಕ್ಷತ್ರ ಆಗಿಬಿಟ್ಟಿರ್ಬೇಕಿತ್ತಲ್ವಾ?"

"ಅದು ತುಂಬಾ ನಿಧಾನವಾಗಿ ಆಗುತ್ತಮ್ಮಾ" ಎಂದೆ. ಅವಳು ಕೂತಳು. ಆದರೆ ಅವಳ ಮುಖದಲ್ಲಿ ಸಮಾಧಾನ ಇರಲಿಲ್ಲ, ಮನೆಗೆ ಹೋಗುವ ದಾರಿಯಲ್ಲಿ ನನಗೂ ಇರಲಿಲ್ಲ. ಅವಳು ಕೇಳಿದ್ದೇ ಯಾಕೆ ನಿಧಾನ ಎಂದು. ನಾನು "ನಿಧಾನ" ಎಂಬ ಪ್ರಶ್ನೆಯನ್ನೇ ಉತ್ತರವೆಂದು ಹಿಂತಿರುಗಿಸಿದ್ದೆ. ಈ ಲೇಖನ ಆ ಸಾಲ ತೀರಿಸುವ ಪ್ರಯತ್ನ. ಈ ಪ್ರಶ್ನೆಗೆ ವಿಜ್ಞಾನಿಗಳು ಕೊಡುವ ಮುಖ್ಯ ಉತ್ತರಗಳು ಮೂರು. ಪ್ರತಿಯೊಂದೂ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಎಡವುತ್ತದೆ ಎಂದು ನೋಡೋಣ.

ಮೊದಲು ಲೆಕ್ಕ

ಹುಡುಗಿಯ ಪ್ರಶ್ನೆ ಎಷ್ಟು ಗಟ್ಟಿಯಾದದ್ದು ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ನಮ್ಮ ಆಕಾಶಗಂಗೆಯಲ್ಲಿ ನಕ್ಷತ್ರವಾಗಲು ತಯಾರಾಗಿರುವ ತಣ್ಣನೆಯ ಅಣು ಜಲಜನಕ ಸುಮಾರು 100 ಕೋಟಿ ಸೂರ್ಯರ ತೂಕದಷ್ಟಿದೆ. ಅಂಥ ಮೋಡವೊಂದನ್ನು ಗುರುತ್ವದ ಕೈಗೆ ಮಾತ್ರ ಬಿಟ್ಟರೆ, ಬೇರೆ ಯಾವ ತಡೆಯೂ ಇಲ್ಲದಿದ್ದರೆ, ಅದು ಕುಸಿಯಲು 40-50 ಲಕ್ಷ ವರ್ಷ ಸಾಕು. ಭಾಗಿಸಿ ನೋಡಿ. ವರ್ಷಕ್ಕೆ 200ಕ್ಕೂ ಹೆಚ್ಚು ಸೂರ್ಯರಷ್ಟು ದ್ರವ್ಯ ನಕ್ಷತ್ರವಾಗಬೇಕು. ನಿಜಕ್ಕೂ ಆಗುತ್ತಿರುವುದು ವರ್ಷಕ್ಕೆ ಎರಡು ಸೂರ್ಯರಷ್ಟು ಮಾತ್ರ.

ಅಂದರೆ ಗುರುತ್ವ ಒಂದೇ ಮಾಡಬಹುದಾಗಿದ್ದ ಕೆಲಸದ ನೂರರಲ್ಲಿ ಒಂದು ಪಾಲು. ಈ ವ್ಯತ್ಯಾಸವನ್ನು ಬೆನ್ ಜುಕರ್‌ಮನ್ ಮತ್ತಿತರರು 1974ರಲ್ಲೇ ಎತ್ತಿ ತೋರಿಸಿದರು. ಐವತ್ತು ವರ್ಷ ಕಳೆದರೂ ಅದು ಕ್ಷೇತ್ರದ ನಡುಮನೆಯಲ್ಲೇ ಕೂತಿದೆ. ಎಣ್ಣೆಬಾವಿಯ ಕೆಲಸದಲ್ಲಿರುವ ನಮ್ಮ ಬಂಧುಗಳಿಗೆ ಇದು ಹೊಸ ಮಾತಲ್ಲ. ನೆಲದಡಿಯಲ್ಲಿ ಎಷ್ಟು ಎಣ್ಣೆಯಿದೆ ಎಂಬ ಲೆಕ್ಕ ಬೇರೆ, ದಿನಕ್ಕೆ ಎಷ್ಟು ಬರುತ್ತದೆ ಎಂಬ ಲೆಕ್ಕವೇ ಬೇರೆ. ಕಲ್ಲಿನ ರಂಧ್ರ, ಒತ್ತಡ, ಎಣ್ಣೆಯ ಮಂದತೆ ಇವೆಲ್ಲ ನಡುವೆ ಬರುತ್ತವೆ. ದಾಸ್ತಾನನ್ನು ನೋಡಿ ಉತ್ಪಾದನೆಯನ್ನು ಹೇಳುವ ಎಂಜಿನಿಯರನ್ನು ಯಾರೂ ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ. ನಾನು ಮಕ್ಕಳ ಮುಂದೆ ಮಾಡಿದ್ದು ಅದನ್ನೇ.

ಮೊದಲ ಉತ್ತರ: ಅನಿಲ ಹೆಚ್ಚಿದ್ದಲ್ಲಿ ನಕ್ಷತ್ರ ಹೆಚ್ಚು

1959ರಲ್ಲಿ ಮಾರ್ಟೆನ್ ಶ್ಮಿಟ್ ಒಂದು ಸರಳ ನಿಯಮ ಸೂಚಿಸಿದರು. ಅನಿಲದ ಸಾಂದ್ರತೆಯ ಯಾವುದೋ ಒಂದು ಘಾತಕ್ಕೆ ಅನುಗುಣವಾಗಿ ನಕ್ಷತ್ರಗಳು ಹುಟ್ಟುತ್ತವೆ ಎಂಬುದು ಅದರ ಸಾರ. 1998ರಲ್ಲಿ ರಾಬರ್ಟ್ ಕೆನಿಕಟ್ ಅದನ್ನು ಗೆಲಾಕ್ಸಿಗಳ ಮೇಲೆ ಪರೀಕ್ಷಿಸಿದರು. 61 ಸಾಮಾನ್ಯ ಸುರುಳಿ ಗೆಲಾಕ್ಸಿಗಳನ್ನೂ, ನಕ್ಷತ್ರಗಳು ಭರದಿಂದ ಹುಟ್ಟುತ್ತಿರುವ 36 ಗೆಲಾಕ್ಸಿಗಳನ್ನೂ ಒಂದೇ ನಕ್ಷೆಯಲ್ಲಿಟ್ಟಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬಂದವು. ಘಾತ ಸುಮಾರು 1.4. ಒಂದೇ ವಿಸ್ತೀರ್ಣದಲ್ಲಿ ಅನಿಲ ಹತ್ತು ಪಟ್ಟಾದರೆ ನಕ್ಷತ್ರಗಳ ಹುಟ್ಟು ಸುಮಾರು ಇಪ್ಪತ್ತೈದು ಪಟ್ಟಾಗುತ್ತದೆ.

ಈ ಕೆಲಸದ ಬೆಲೆ ದೊಡ್ಡದು. ಅಷ್ಟು ಬೇರೆಬೇರೆ ಬಗೆಯ ಗೆಲಾಕ್ಸಿಗಳು ಒಂದು ಶಿಸ್ತಿಗೆ ಒಳಪಡುತ್ತವೆ ಎಂದು ತೋರಿಸಿದ್ದೇ ಸಾಧನೆ. ಆದರೆ ಅದನ್ನು ಕಾರಣವೆಂದು ಓದುವುದು ತಪ್ಪು. ಮಳೆ ಬಂದ ದಿನ ಕೊಡೆಗಳು ಹೆಚ್ಚು ಕಾಣುತ್ತವೆ ಎಂಬ ನಕ್ಷೆ ಬರೆಯಬಹುದು. ಕೊಡೆ ಹೇಗೆ ಬಿಚ್ಚಿಕೊಳ್ಳುತ್ತದೆ ಎಂದು ಆ ನಕ್ಷೆ ಹೇಳುವುದಿಲ್ಲ.

ಇನ್ನೂ ಎರಡು ತಕರಾರುಗಳಿವೆ. ಒಂದು, ಅಳತೆಯದು. ತಣ್ಣಗಿನ ಅಣು ಜಲಜನಕ ತಾನಾಗಿ ಕಾಣಿಸಿಕೊಳ್ಳುವುದೇ ಇಲ್ಲ. ಅದರ ಜೊತೆಗಿರುವ ಕಾರ್ಬನ್ ಮಾನಾಕ್ಸೈಡಿನ ರೇಡಿಯೊ ಸಂಕೇತವನ್ನು ಅಳೆದು, ಒಂದು ಗುಣಕದಿಂದ ಗುಣಿಸಿ ಅದರ ಪ್ರಮಾಣವನ್ನು ಊಹಿಸುತ್ತಾರೆ. ಆ ಗುಣಕ ಎಲ್ಲ ಗೆಲಾಕ್ಸಿಗಳಲ್ಲೂ ಒಂದೇ ಅಲ್ಲ. ಗುಣಕ ಬದಲಾದರೆ 1.4 ಎಂಬ ಇಳಿಜಾರೂ ಬದಲಾಗುತ್ತದೆ. ಹತ್ತಿರದ ಗೆಲಾಕ್ಸಿಗಳನ್ನು ತುಂಡುತುಂಡಾಗಿ ಅಳೆದ ಫ್ರಾಂಕ್ ಬಿಗೀಲ್ ಮತ್ತು ಸಂಗಡಿಗರಿಗೆ 2008ರಲ್ಲಿ ಸಿಕ್ಕಿದ್ದು ಬೇರೆಯೇ ಚಿತ್ರ. ನಕ್ಷತ್ರಗಳ ಹುಟ್ಟು ಅಣು ಜಲಜನಕಕ್ಕೆ ನೇರ ಅನುಪಾತದಲ್ಲಿತ್ತು, ಪರಮಾಣು ಜಲಜನಕದೊಂದಿಗೆ ಅಂಥ ನಂಟು ಕಾಣಲಿಲ್ಲ. ಇದ್ದ ಅಣು ಅನಿಲ ಖಾಲಿಯಾಗಲು ಸುಮಾರು 200 ಕೋಟಿ ವರ್ಷ ಬೇಕು ಎಂಬುದು ಅವರ ಲೆಕ್ಕ.

ಎರಡನೆಯ ತಕರಾರು ಇನ್ನೂ ಬಲವಾದದ್ದು, ಮತ್ತು ಅದು ನಮ್ಮ ಆಕಾಶಗಂಗೆಯ ನಡುವಿನಿಂದಲೇ ಬರುತ್ತದೆ. ಕೇಂದ್ರದ ಸುತ್ತಲಿನ ವಲಯದಲ್ಲಿ ದಟ್ಟ ಅನಿಲ ರಾಶಿಯಾಗಿ ಬಿದ್ದಿದೆ. ಅಲ್ಲಿನ ಒಂದು ಮೋಡಕ್ಕೆ ವಿಜ್ಞಾನಿಗಳು 'ಇಟ್ಟಿಗೆ' ಎಂದೇ ಹೆಸರಿಟ್ಟಿದ್ದಾರೆ. ಒಂದು ಲಕ್ಷ ಸೂರ್ಯರಿಗೂ ಮಿಕ್ಕಿದ ತೂಕ ಅದರದು. ಆದರೂ ಅದರಲ್ಲಿ ನಕ್ಷತ್ರ ಹುಟ್ಟುತ್ತಿರುವ ಗುರುತು ಬಹಳ ಕಡಿಮೆ. ಇಡೀ ಕೇಂದ್ರ ವಲಯವೇ ತನ್ನಲ್ಲಿರುವ ದಟ್ಟ ಅನಿಲಕ್ಕೆ ಹೋಲಿಸಿದರೆ ಹತ್ತರಲ್ಲಿ ಒಂದು ಪಾಲಿನಷ್ಟೇ ನಕ್ಷತ್ರಗಳನ್ನು ಹುಟ್ಟಿಸುತ್ತಿದೆ. ಅನಿಲವಿದ್ದರೆ ಸಾಕು ಎನ್ನುವವರು ಈ ಇಟ್ಟಿಗೆಯನ್ನು ಎಡವದೆ ಮುಂದೆ ಹೋಗಲಾರರು.

ಎರಡನೆಯ ಉತ್ತರ: ಒಳಗಿನ ತಡೆ

ಹಾಗಾದರೆ ತಡೆಯುವುದು ಏನು? ಮೋಡದೊಳಗಿನ ಅನಿಲ ಸುಮ್ಮನೆ ನಿಂತಿಲ್ಲ. ಶಬ್ದದ ವೇಗವನ್ನೂ ಮೀರಿ ಕಲಕಾಡುತ್ತಿರುತ್ತದೆ. ಈ ಕಲಕಾಟ ಕೆಲವು ಕಡೆ ಅನಿಲವನ್ನು ಒತ್ತಿ ಗಂಟು ಮಾಡುತ್ತದೆ, ಉಳಿದ ಬಹುಪಾಲನ್ನು ಚೆದುರಿಸಿ ಇಡುತ್ತದೆ. ಕಾಂತಕ್ಷೇತ್ರವೂ ಕುಸಿತಕ್ಕೆ ಅಡ್ಡ ನಿಲ್ಲುತ್ತದೆ. ಮಾರ್ಕ್ ಕ್ರುಮ್‌ಹೋಲ್ಜ್ ಮತ್ತು ಕ್ರಿಸ್ಟೊಫರ್ ಮೆಕ್ಕೀ 2005ರಲ್ಲಿ ಈ ಪ್ರಕ್ಷುಬ್ಧತೆಯಿಂದಲೇ ಆ ನೂರರಲ್ಲಿ ಒಂದು ಎಂಬ ಅಂಕಿಯ ಹತ್ತಿರ ಬರಬಹುದೆಂದು ಲೆಕ್ಕ ಹಾಕಿ ತೋರಿಸಿದರು.

ಆದರೆ ಕಲಕಾಟ ತಾನಾಗಿ ಉಳಿಯುವುದಿಲ್ಲ, ಬೇಗ ಅಡಗುತ್ತದೆ. ಸೌಟು ಹಿಡಿದು ಕಲಕುತ್ತಿರುವವರು ಯಾರು? ಬಹುಮಟ್ಟಿಗೆ ಹುಟ್ಟಿದ ನಕ್ಷತ್ರಗಳೇ. ಭಾರಿ ನಕ್ಷತ್ರಗಳು ಹುಟ್ಟಿದ ಕೂಡಲೇ ಅತಿನೇರಳೆ ಬೆಳಕಿನಿಂದ, ಬಿರುಗಾಳಿಯಿಂದ ಸುತ್ತಲಿನ ಅನಿಲವನ್ನು ಕಾಯಿಸಿ ದೂಡುತ್ತವೆ. ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ತೂಕದವು ಸುಮಾರು ನಾಲ್ಕು ಕೋಟಿ ವರ್ಷದೊಳಗೆ ಸೂಪರ್‌ನೋವಾ ಆಗಿ ಸಿಡಿಯುತ್ತವೆ. ಹಾಲು ಉಕ್ಕಿ ತನ್ನ ಕೆಳಗಿನ ಒಲೆಯನ್ನೇ ಆರಿಸುವ ಹಾಗೆ, ನಕ್ಷತ್ರಗಳು ಹೆಚ್ಚು ಹುಟ್ಟಿದರೆ ಮುಂದಿನ ಹುಟ್ಟು ತಗ್ಗುತ್ತದೆ. ತಗ್ಗಿದಾಗ ಅನಿಲ ಮತ್ತೆ ತಣಿದು ಕೂಡಿಕೊಳ್ಳುತ್ತದೆ.

ಇದಕ್ಕೆ ನಮ್ಮ ಕಡೆಯ ಸಾಕ್ಷಿಯೂ ಇದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿರುವ ಅತಿನೇರಳೆ ದೂರದರ್ಶಕ ಯುವಿಐಟಿಯನ್ನು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮುಂದಾಳಾಗಿ ರೂಪಿಸಿತು. ಜೋಡಣೆ ನಡೆದದ್ದು ಹೊಸಕೋಟೆಯಲ್ಲಿ. ಎಳೆಯ ಭಾರಿ ನಕ್ಷತ್ರಗಳು ಅತಿನೇರಳೆ ಬೆಳಕಿನಲ್ಲೇ ಹೆಚ್ಚು ಹೊಳೆಯುವುದರಿಂದ, ಎಲ್ಲಿ ಹುಟ್ಟು ನಡೆದಿದೆ, ಎಲ್ಲಿ ನಿಂತಿದೆ ಎಂದು ಇದು ಚೆನ್ನಾಗಿ ತೋರಿಸುತ್ತದೆ. ಜೆಓ201 ಎಂಬ ಗೆಲಾಕ್ಸಿಯನ್ನು ಯುವಿಐಟಿ ಮೂಲಕ ನೋಡಿದಾಗ, ಅದರ ಬಾಲದಂತೆ ಚಾಚಿದ ಅನಿಲದಲ್ಲೂ ನಕ್ಷತ್ರಗಳು ಹುಟ್ಟುತ್ತಿದ್ದವು. ನಡುವಿನಲ್ಲಿ ಮಾತ್ರ ಆ ಬೆಳಕು ಸೊರಗಿ ಒಂದು ಹಳ್ಳ ಕಂಡಿತು. ಅಲ್ಲಿರುವ ದೈತ್ಯ ಕಪ್ಪುಕುಳಿಯ ಚಟುವಟಿಕೆಯೇ ಅದಕ್ಕೆ ಕಾರಣ ಎಂಬುದು ಅಧ್ಯಯನಕಾರರ ವಾದ.

ಈ ಎರಡನೆಯ ಉತ್ತರ ನನಗೆ ಮೊದಲನೆಯದಕ್ಕಿಂತ ಹೆಚ್ಚು ಒಪ್ಪಿಗೆ. ಇದು ಯಂತ್ರದ ಒಳಗನ್ನು ತೋರಿಸುತ್ತದೆ. ಆದರೂ ಒಂದು ಎಚ್ಚರಿಕೆ ಬೇಕು. ಕಂಪ್ಯೂಟರಿನಲ್ಲಿ ಇಡೀ ವಿಶ್ವದ ತುಣುಕನ್ನೇ ಬೆಳೆಸುವ ಈಗಲ್‌ನಂಥ ಮಾದರಿಗಳು ಒಂಟಿ ಸೂಪರ್‌ನೋವಾವನ್ನು ಬಿಡಿಸಿ ತೋರಿಸಲಾರವು, ಅಷ್ಟು ಸೂಕ್ಷ್ಮತೆ ಅವಕ್ಕಿಲ್ಲ. ಹಾಗಾಗಿ ಸ್ಫೋಟಗಳ ಒಟ್ಟು ಪರಿಣಾಮವನ್ನು ಒಂದು ತಿರುಗಣೆಯ ಹಾಗೆ ಇಟ್ಟು, ಹೊರಬರುವ ಗೆಲಾಕ್ಸಿಗಳು ನಿಜದವನ್ನು ಹೋಲುವವರೆಗೆ ತಿರುಗಿಸುತ್ತಾರೆ. ಅವರು ಇದನ್ನು ಮುಚ್ಚಿಟ್ಟಿಲ್ಲ. ಆದರೆ ಆ ಮಾದರಿಗಳ ಬಣ್ಣದ ವಿಡಿಯೊ ನೋಡಿ "ಸಿದ್ಧವಾಯಿತು" ಎನ್ನುವ ನಾವು, ಹೊಂದಿಸಿದ್ದು ಹೊಂದಿಕೊಂಡರೆ ಅದು ಸಾಕ್ಷಿಯಾಗದು ಎಂಬುದನ್ನು ಮರೆಯುತ್ತೇವೆ.

ಮೂರನೆಯ ಉತ್ತರ: ಒರತೆ

2010ರ ನಂತರ ಬಲ ಪಡೆದ ಮೂರನೆಯ ಉತ್ತರವನ್ನು ಇಂಗ್ಲಿಷಿನವರು ಸ್ನಾನದ ತೊಟ್ಟಿಗೆ ಹೋಲಿಸುತ್ತಾರೆ. ಬಾತ್‌ಟಬ್ ಮಾದರಿ ಎಂದೇ ಅದರ ಹೆಸರು. ಹಂಡೆಯಿಂದ ಬಿಸಿನೀರು ಮೊಗೆದು ಸ್ನಾನ ಮಾಡಿದ ನಮಗೆ ಆ ಹೋಲಿಕೆ ನೀರು ಕುಡಿಸುವುದಿಲ್ಲ. ನನಗೆ ಅದು ಅರ್ಥವಾದದ್ದು ನಿಜ್ವಾದಲ್ಲಿ, ದಾರಿಸ್ ಫಲಜ್‌ನ ದಂಡೆಯ ಮೇಲೆ ಕೂತಿದ್ದಾಗ.

ಒಮಾನಿನಲ್ಲಿ ಇಂದಿಗೂ ಸುಮಾರು 3,000 ಫಲಜ್‌ಗಳು ಹರಿಯುತ್ತಿವೆ. ದಾರಿಸ್ ಸೇರಿದಂತೆ ಐದನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಟ್ಟದ ಬುಡದ ಅಂತರ್ಜಲವನ್ನು ಪಂಪಿಲ್ಲದೆ, ಬರೀ ಇಳಿಜಾರಿನ ಬಲದಿಂದ ಊರಿಗೂ ಖರ್ಜೂರದ ತೋಟಕ್ಕೂ ತರುವ ಈ ಕಾಲುವೆ ನನಗೆ ಬದಿಯಡ್ಕದ ಕಡೆಯ ನಮ್ಮ ಮನೆಯ ಸುರಂಗವನ್ನು ನೆನಪಿಸುತ್ತದೆ. ಕಾಸರಗೋಡು, ದಕ್ಷಿಣ ಕನ್ನಡದವರಿಗೆ ವಿವರಿಸಬೇಕಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಬಂದು ತೊಟ್ಟಿಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಅಡಿಕೆ ತೋಟಕ್ಕೆ ಹೋಗುತ್ತದೆ.

ಆ ತೊಟ್ಟಿಯನ್ನು ಯೋಚಿಸಿ. ಒರತೆಯಿಂದ ನೀರು ಬರುತ್ತಿದೆ, ತೂಬಿನಿಂದ ಹೋಗುತ್ತಿದೆ. ತೂಬು ಸಣ್ಣದಿದ್ದರೆ ಏನಾಗುತ್ತದೆ? ತೊಟ್ಟಿಯಲ್ಲಿ ನೀರು ಏರುತ್ತದೆ, ಒತ್ತಡ ಹೆಚ್ಚುತ್ತದೆ, ಕೊನೆಗೆ ಒಳಬರುವಷ್ಟೇ ನೀರು ಹೊರಹೋಗುವ ಮಟ್ಟದಲ್ಲಿ ನಿಲ್ಲುತ್ತದೆ. ತೂಬು ದೊಡ್ಡದಿದ್ದರೆ ನೀರಿನ ಮಟ್ಟ ಇಳಿದು ಅಲ್ಲಿ ನಿಲ್ಲುತ್ತದೆ, ಹೊರಹರಿವು ಮತ್ತೆ ಅಷ್ಟೇ. ತೋಟಕ್ಕೆ ದೀರ್ಘಕಾಲದಲ್ಲಿ ಎಷ್ಟು ನೀರು ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಒರತೆ. ತೂಬು ತೀರ್ಮಾನಿಸುವುದು ತೊಟ್ಟಿಯಲ್ಲಿ ಎಷ್ಟು ನಿಂತಿರುತ್ತದೆ ಎಂಬುದನ್ನು ಮಾತ್ರ.

ಗೆಲಾಕ್ಸಿಯೂ ಹಾಗೆ ಎನ್ನುತ್ತದೆ ಈ ಮಾದರಿ. ಮೋಡಗಳೊಳಗಿನ ಕಲಕಾಟ, ಸ್ಫೋಟ ಎಲ್ಲವೂ ತೂಬು. ಒರತೆ ಎಂದರೆ ಗೆಲಾಕ್ಸಿಯ ಹೊರಗಿನಿಂದ ನಿಧಾನವಾಗಿ ಒಳಬೀಳುವ ಹೊಸ ಅನಿಲ. ಬಿಗೀಲ್ ಅವರ 200 ಕೋಟಿ ವರ್ಷವನ್ನು ನೆನಪಿಸಿಕೊಳ್ಳಿ. ಗೆಲಾಕ್ಸಿಗಳ ವಯಸ್ಸು 1,000 ಕೋಟಿ ವರ್ಷಕ್ಕೂ ಮೇಲೆ. ಒರತೆ ಇಲ್ಲದಿದ್ದರೆ ತೊಟ್ಟಿ ಯಾವಾಗಲೋ ಒಣಗಬೇಕಿತ್ತು.

ಇದರ ಹಿಂದೆ ಒಂದು ದೊಡ್ಡ ಪ್ರಶ್ನೆಯಿದೆ. ಸುಮಾರು 1,000 ಕೋಟಿ ವರ್ಷಗಳ ಹಿಂದೆ ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ತುತ್ತತುದಿಯಲ್ಲಿತ್ತು. ಈಗ ಅದು ಹತ್ತರಲ್ಲೊಂದು ಪಾಲಿಗೆ ಇಳಿದಿದೆ. ಯಾಕೆ? ಇದಕ್ಕೆ ನೇರ ಅಳತೆ ಕೊಟ್ಟವರಲ್ಲಿ ನಮ್ಮವರಿದ್ದಾರೆ. ಪುಣೆಯ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರದ ಆದಿತ್ಯ ಚೌಧರಿ, ನಿಸ್ಸೀಮ್ ಕಾಣೇಕರ್, ಜಯರಾಮ್ ಚೆಂಗಲೂರ್ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಶಿವ್ ಸೇಠಿ, ಕೆ. ಎಸ್. ದ್ವಾರಕಾನಾಥ್ ಅವರ ಪ್ರಬಂಧ 2020ರ ಅಕ್ಟೋಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಪುಣೆಯ ಉತ್ತರಕ್ಕೆ, 45 ಮೀಟರ್ ಅಗಲದ 30 ತಟ್ಟೆಗಳಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ ಫಲ ಅದು. ಅದನ್ನು ಕಟ್ಟಿಸಿದ ಗೋವಿಂದ ಸ್ವರೂಪ್ ಅವರು ಅದೇ ವರ್ಷದ ಸೆಪ್ಟೆಂಬರ್ 7ರಂದು ತೀರಿಕೊಂಡಿದ್ದರು.

ಅಷ್ಟು ದೂರದ ಒಂದು ಗೆಲಾಕ್ಸಿಯ ಪರಮಾಣು ಜಲಜನಕದ 21 ಸೆಂಟಿಮೀಟರ್ ಸಂಕೇತ ತೀರಾ ಕ್ಷೀಣ, ಕೇಳಿಸುವುದೇ ಇಲ್ಲ. ಹಾಗಾಗಿ ಅವರು 7,653 ಗೆಲಾಕ್ಸಿಗಳ ಸಂಕೇತಗಳನ್ನು ಒಂದರ ಮೇಲೊಂದು ಸೇರಿಸಿ ಸರಾಸರಿ ತೆಗೆದರು. ಸಭೆಯಲ್ಲಿ ಒಬ್ಬರ ಪಿಸುಮಾತು ಕೇಳದಿದ್ದರೂ ಏಳು ಸಾವಿರ ಜನ ಒಂದೇ ಪದ ಪಿಸುಗುಟ್ಟಿದರೆ ಕೇಳುವ ಹಾಗೆ. ಸುಮಾರು 800 ಕೋಟಿ ವರ್ಷಗಳ ಹಿಂದಿನ ಆ ಗೆಲಾಕ್ಸಿಗಳಲ್ಲಿ ಅನಿಲ ಸಾಕಷ್ಟಿತ್ತು, ಸರಾಸರಿ ಸುಮಾರು 1,200 ಕೋಟಿ ಸೂರ್ಯರಷ್ಟು. ಆದರೆ ಅವು ಅದನ್ನು ಖರ್ಚು ಮಾಡುತ್ತಿದ್ದ ವೇಗಕ್ಕೆ ಆ ದಾಸ್ತಾನು 100ರಿಂದ 200 ಕೋಟಿ ವರ್ಷಕ್ಕೆ ಮಾತ್ರ ಸಾಲುತ್ತಿತ್ತು. ಹೊಸ ಅನಿಲ ಸಾಕಷ್ಟು ಬೇಗ ಬಂದು ಸೇರದೇ ಹೋದದ್ದೇ ಇಳಿಕೆಗೆ ಕಾರಣವಿರಬಹುದು ಎಂಬುದು ಅವರ ತೀರ್ಮಾನ.

ಇಲ್ಲಿ ವಿಮರ್ಶಕನ ಕೆಲಸ ಹೆಮ್ಮೆಯಿಂದ ಸುಮ್ಮನಾಗುವುದಲ್ಲ. ಅಳೆದದ್ದು ದಾಸ್ತಾನು ಮತ್ತು ಖರ್ಚು. ಒರತೆ ಬತ್ತಿದ್ದನ್ನು ಯಾರೂ ನೇರವಾಗಿ ನೋಡಿಲ್ಲ, ಅದು ತರ್ಕದಿಂದ ಬಂದದ್ದು. ಸರಾಸರಿಯೊಳಗೆ ಹಲವು ಬಗೆಯ ಗೆಲಾಕ್ಸಿಗಳು ಅಡಗಿರುತ್ತವೆ. ಅಳೆದದ್ದು ಪರಮಾಣು ಜಲಜನಕ, ನಕ್ಷತ್ರವಾಗುವುದು ಅದು ಅಣುವಾದ ಮೇಲೆ. ಪ್ರಬಂಧ ಬರೆದವರು "ಇರಬಹುದು" ಎಂದಲ್ಲಿ, ಹಂಚಿಕೊಂಡ ನಾವು "ಗೂಢ ಬಯಲಾಯಿತು" ಎಂದೆವು. ಅವರ ಎಚ್ಚರವೇ ಆ ಕೆಲಸದ ಅರ್ಧ ಬೆಲೆ. ಅದನ್ನು ಕಿತ್ತು ಹಾಕಿ ಅಭಿಮಾನ ಪಟ್ಟರೆ ಅವರಿಗೆ ಗೌರವ ಕೊಟ್ಟಂತಾಗದು.

ತೊಟ್ಟಿಯ ಮಾದರಿಗೂ ಮಿತಿಯಿದೆ. ಗೆಲಾಕ್ಸಿಯ ತೊಟ್ಟಿ ಸೋರುತ್ತದೆ. ಎಂ82ರಂಥ ಗೆಲಾಕ್ಸಿಗಳಲ್ಲಿ ಅನಿಲ ಗಾಳಿಯಾಗಿ ಹೊರಗೆ ಚಿಮ್ಮುವುದು ಕಾಣುತ್ತದೆ. ಚಿಮ್ಮಿದ್ದರಲ್ಲಿ ಒಂದಿಷ್ಟು ಮತ್ತೆ ಬಿದ್ದರೆ ಅದನ್ನು ಒರತೆ ಎನ್ನಬೇಕೋ ಸೋರಿಕೆ ಎನ್ನಬೇಕೋ? ಪರ್ಸಿಯಸ್ ಗೆಲಾಕ್ಸಿಗುಚ್ಛದಲ್ಲಿ ಅನಿಲ ಬೇಕಾದಷ್ಟಿದೆ, ಆದರೆ ಕೋಟಿಗಟ್ಟಲೆ ಡಿಗ್ರಿ ಬಿಸಿ. ನಡುವಿನ ಕಪ್ಪುಕುಳಿ ಊದಿದ ಗುಳ್ಳೆಗಳು ಅದನ್ನು ತಣಿಯಲು ಬಿಡುತ್ತಿಲ್ಲ. ಅಲ್ಲಿ ಒಳಗಿನ ಕ್ರಿಯೆಯೇ ಒರತೆಯ ಬಾಯಿಗೆ ಕೈ ಅಡ್ಡ ಹಿಡಿದಿದೆ. ತೂಬು ಬೇರೆ, ಒರತೆ ಬೇರೆ ಎಂಬ ಗೆರೆ ಅಲ್ಲಿ ಅಳಿಸಿಹೋಗುತ್ತದೆ.

ನಮ್ಮ ಮಾತಿನ ಬಗ್ಗೆ

ಈಗ ನನ್ನ ತಪ್ಪಿಗೆ ಬರುತ್ತೇನೆ. ಕನ್ನಡದಲ್ಲಿ ನಾವು ನೀಹಾರಿಕೆಯನ್ನು 'ನಕ್ಷತ್ರಗಳ ತೊಟ್ಟಿಲು' ಎನ್ನುತ್ತೇವೆ. ಇಂಗ್ಲಿಷಿನ 'ನರ್ಸರಿ'ಯನ್ನು ಕಂಡು ಮಾಡಿಕೊಂಡ ಮಾತು. ಕೇಳಲು ಹಿತ. ಆದರೆ ತೊಟ್ಟಿಲು ಮಗುವನ್ನು ಕಾಪಾಡುವ ಜಾಗ. ನಾನು ತೋರಿಸಿದ ಕರೀನಾದ ಆ ಕಂದು ಬೆಟ್ಟಗಳು ನಿಜಕ್ಕೂ ಏನು? ಮೇಲಿನ ಎಳೆಯ ಭಾರಿ ನಕ್ಷತ್ರಗಳ ಬೆಳಕು ಮತ್ತು ಗಾಳಿ ಕೊರೆದು ತಿನ್ನುತ್ತಿರುವ ಅನಿಲದ ಗೋಡೆ. ಅಲ್ಲಿ ಮೊದಲು ಹುಟ್ಟಿದವರು ತಾವು ಮಲಗಿದ್ದ ತೊಟ್ಟಿಲನ್ನೇ ಒಡೆಯುತ್ತಿದ್ದಾರೆ. ಹುಡುಗಿಯ ಪ್ರಶ್ನೆಗೆ ಉತ್ತರ ಅದೇ ಚಿತ್ರದಲ್ಲಿ, ನನ್ನ ಬೆನ್ನ ಹಿಂದಿನ ಪರದೆಯ ಮೇಲೇ ಇತ್ತು. 'ತೊಟ್ಟಿಲು' ಎಂಬ ಪದ ಅದನ್ನು ನನ್ನ ಕಣ್ಣಿಂದ ಮರೆಮಾಡಿತ್ತು.

ಕನ್ನಡದಲ್ಲಿ ವಿಜ್ಞಾನ ಹೇಳಲು ಪದಗಳಿಲ್ಲ ಎಂಬ ದೂರು ನಮ್ಮ ಕೂಟಗಳಲ್ಲಿ ಆಗಾಗ ಕೇಳಿಬರುತ್ತದೆ. ನನ್ನ ಅನುಭವ ಬೇರೆ. ಒರತೆ, ತೂಬು, ತೊಟ್ಟಿ, ನೀರುಗಂಟಿ ಇಷ್ಟೂ ನಮ್ಮಲ್ಲಿವೆ, ಈ ವಿಷಯಕ್ಕೆ ಬಾತ್‌ಟಬ್‌ಗಿಂತ ಚೆನ್ನಾಗಿ ಹೊಂದುತ್ತವೆ. ಕೊರತೆ ಇರುವುದು ಹೋಲಿಕೆಯನ್ನು ಕೊನೆಯವರೆಗೆ ಎಳೆದು ಎಲ್ಲಿ ಹರಿಯುತ್ತದೆ ಎಂದು ನೋಡುವ ತಾಳ್ಮೆಯಲ್ಲಿ. ನೀರುಗಂಟಿ ಎಂದಾಗ ನೆನಪಾಯಿತು. ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದ ಹಾಗೆ ಫಲಜ್‌ಗೆ ವಕೀಲ್ ಎಂಬ ಮೇಲ್ವಿಚಾರಕನಿದ್ದಾನೆ. ಗೆಲಾಕ್ಸಿಯಲ್ಲಿ ಹಾಗೆ ಯಾರೂ ಕೂತಿಲ್ಲ. 'ನಿಯಂತ್ರಣ' ಎಂಬ ಪದ ಕೇಳಿದ ಕೂಡಲೇ ನಾವು ಒಬ್ಬ ನಿಯಂತ್ರಕನನ್ನು ಹುಡುಕುತ್ತೇವೆ. ಅಲ್ಲಿರುವುದು ಒಂದನ್ನೊಂದು ತಳ್ಳುತ್ತಾ ಎಳೆಯುತ್ತಾ ಒಂದು ಮಟ್ಟದಲ್ಲಿ ನಿಂತ ಹಲವು ಕ್ರಿಯೆಗಳು ಮಾತ್ರ.

ಹಾಗಾದರೆ ಉತ್ತರ?

ಮೂರು ಉತ್ತರಗಳು ಜಗಳವಾಡುವಂತೆ ಕಂಡರೂ ಅವು ಬೇರೆಬೇರೆ ಕಾಲಮಾನದ ಪ್ರಶ್ನೆಗಳಿಗೆ ಉತ್ತರಗಳು ಎಂಬುದು ನನ್ನ ಅಭಿಪ್ರಾಯ. ಒಂದು ಮೋಡದ ಲಕ್ಷಾಂತರ ವರ್ಷಗಳ ಬಾಳನ್ನು ಕೇಳಿದರೆ ಕಲಕಾಟ, ಕಾಂತಕ್ಷೇತ್ರ, ಎಳೆಯ ನಕ್ಷತ್ರಗಳ ಹೊಡೆತ. ಇಡೀ ಗೆಲಾಕ್ಸಿಯ ನೂರಾರು ಕೋಟಿ ವರ್ಷಗಳನ್ನು ಕೇಳಿದರೆ ಒರತೆ, ಮತ್ತು ಅದನ್ನು ಕಟ್ಟಿಹಾಕುವ ಬಿಸಿ. ಇವೆರಡರ ನಡುವೆ ನಿಂತು ನಾವು ಇಂದು ಕಾಣುವ ನೀರಿನ ಮಟ್ಟವೇ ಶ್ಮಿಟ್, ಕೆನಿಕಟ್ ಅವರ ನಿಯಮ. ಅನಿಲ ಬೇಕು, ಆದರೆ ಅನಿಲವೊಂದೇ ಸಾಲದು.

ಒಮಾನಿನ ಕೆಲವು ಹಳ್ಳಿಗಳಲ್ಲಿ ಫಲಜ್‌ನ ನೀರಿನ ಸರದಿಯನ್ನು ರಾತ್ರಿ ಹೊತ್ತು ನಕ್ಷತ್ರಗಳನ್ನು ನೋಡಿ ಲೆಕ್ಕ ಹಾಕುತ್ತಿದ್ದರು. ಇಂಥ ನಕ್ಷತ್ರ ಬೆಟ್ಟದ ಮೇಲೆ ಬಂದರೆ ಒಬ್ಬನ ಪಾಲು ಮುಗಿಯಿತು, ಮುಂದಿನವನದು ಶುರು. ಅರ್ಧ ಗಂಟೆಯ ಒಂದು ಪಾಲಿಗೆ ಅಥರ್ ಎಂದು ಹೆಸರು. ಈ ಚಳಿಗಾಲದಲ್ಲಿ ಜಬಲ್ ಶಮ್ಸ್‌ಗೆ ಕುಟುಂಬದೊಂದಿಗೆ ಹೋಗುವವರು ಮಹಾವ್ಯಾಧನ ಕತ್ತಿಯ ನಡುವಿನ ಮಸುಕು ಚುಕ್ಕಿಯನ್ನು ಮಕ್ಕಳಿಗೆ ತೋರಿಸಿ. ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿ ಈಗ ಹೇಳಿದ್ದೆಲ್ಲ ಅಲ್ಲಿ ನಡೆಯುತ್ತಿದೆ.

ಆ ಹುಡುಗಿ ಈಗ ಎಂಟನೇ ತರಗತಿಯಲ್ಲಿರಬೇಕು. ಈ ಸಂಚಿಕೆ ಅವಳ ಮನೆಗೂ ಹೋಗುತ್ತದೆ. ಅವಳು ಕನ್ನಡ ಸರಾಗವಾಗಿ ಓದದಿದ್ದರೆ ಅಪ್ಪನೋ ಅಮ್ಮನೋ ಓದಿ ಹೇಳಲಿ. ಮಗಳೇ, ನಿನ್ನ ಪ್ರಶ್ನೆ ಸರಿಯಾಗಿತ್ತು, ನನ್ನ ಉತ್ತರ ತಪ್ಪಾಗಿತ್ತು. ಎಲ್ಲಾ ಅನಿಲ ನಕ್ಷತ್ರವಾಗದಿರುವುದಕ್ಕೆ ಮೊದಲ ಕಾರಣ ಆಗಲೇ ಹುಟ್ಟಿದ ನಕ್ಷತ್ರಗಳು. ಇನ್ನೂ ಅನಿಲ ಉಳಿದಿರುವುದಕ್ಕೆ ಕಾರಣ ಹೊರಗಿನಿಂದ ಬಂದು ಸೇರುತ್ತಿರುವ ಒರತೆ. ಆ ಒರತೆ ಎಲ್ಲಿ, ಹೇಗೆ, ಎಷ್ಟು ಬೀಳುತ್ತಿದೆ ಎಂಬುದನ್ನು ಕಣ್ಣಾರೆ ಅಳೆಯುವ ಕೆಲಸ ಬಹುಪಾಲು ಇನ್ನೂ ಬಾಕಿಯಿದೆ. ನಿನ್ನ ವಯಸ್ಸಿನವರಿಗೆ ಅದಕ್ಕೆ ಬೇಕಾದಷ್ಟು ಸಮಯವಿದೆ.